ವಾದಿರಾಜ ವಕೀಲರು ಟೀವಿಯೊಳಗಿನ ಕಳ್ಳನನ್ನು ಹಿಡಿಯಹೊರಟದ್ದು

"ಸಂಜೀ ಚಹಾ ಆರೂದ್ರೊಳಗ ಆ ಕಳ್ಳನ್ನ ಹಿಡದು ನಿಮ್ಮ ಮುಂದ ನಿಂದರಸಲಿಲ್ಲಂದ್ರ, ನನ್ನ ಕರೀಕೋಟು ಹರದು ಮಸಿಅರಿವಿ ಮಾಡ್ಕೋರಿ!"

ಹೀಗೆಂದು ವಾದಿರಾಜ ವಕೀಲರು ಸವಣೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ತಾಯಿ, ಹೆಂಡತಿ ಮತ್ತು ಹೆಂಡತಿಯ ತಮ್ಮ ಈ ಮೂವರ ಸಮಕ್ಷಮದಲ್ಲಿ ಗುಡುಗಿದರು. ಎಂಬತ್ತೆಂಟನೆಯ ಇಸವಿಯ ಮೇ ತಿಂಗಳು. ಕೋರ್ಟಿಗೆ ಬೇಸಿಗೆಯ ರಜೆ. ವಕೀಲರ ಬಾಯಿಗೆ ಮಾತ್ರ ಯಾವ ಸರಕಾರವೂ ರಜೆ ಘೋಷಿಸಿರಲಿಲ್ಲ!

ಕಳ್ಳ ಎಂದರೆ ಊರ ಕಳ್ಳನಲ್ಲ, ಟೀವಿಯೊಳಗಿನ ಕಳ್ಳ. ಅವನನ್ನು ಪುಣೆಯಿಂದ ಕರೆತಂದವನು ಶ್ರೀಪಾದ, ವಕೀಲರ ಹೆಂಡತಿ ಸುಮನ್‌ಳ ತಮ್ಮ. ಪುಣೆಯ ಇಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅವನು ಬೆಂಗಳೂರಿಗೆ ತರಬೇತಿಗೆಂದು ಹೊರಟವನು, ಶಿಗ್ಗಾಂವಿಯಲ್ಲಿ ಬಸ್ಸಿಳಿದು ಅಕ್ಕನನ್ನು ನೋಡಲು ಬಂದಿದ್ದ. ಬಗಲಲ್ಲಿ ಒಂದು ಪೆಟ್ಟಿಗೆ. ಪುಣೆಯಿಂದ ಬಂದ ಪೆಟ್ಟಿಗೆ ಎಂದರೆ ಬಾಕರವಡಿಯೇ ಇರಬೇಕೆಂದು ವಕೀಲರ ತಾಯಿ ಗಂಗಾಬಾಯಿಯವರು ತಟ್ಟೆ ಹಿಡಿದುಕೊಂಡೇ ಬಂದು ಕೂತರು. ಪೆಟ್ಟಿಗೆಯಿಂದ ಹೊರಬಿದ್ದದ್ದು ಒಂದು ಕರಿ ಹಲಗೆ, ಅದರ ಮೇಲೆ ಸಾಲಾಗಿ ಇಂಗ್ಲಿಷ್ ಅಕ್ಷರದ ಗುಂಡಿಗಳು.

"ಇದು ತಿನ್ನೂದಲ್ಲರೀ ಅವ್ವಾರ, ಕಂಪ್ಯೂಟರ್."

"ಹಂಗಾರ ಅಷ್ಟು ದೂರದಿಂದ ಯಾಕ ಹೊತ್ತುಕೊಂಡು ಬಂದ್ಯೋ?" ಎಂದು ಗಂಗಾಬಾಯಿಯವರು ತಟ್ಟೆಯನ್ನು ಬೋರಲು ಹಾಕಿದರು.

ಶ್ರೀಪಾದ ಹಲಗೆಗೊಂದು ವೈರು ಸಿಕ್ಕಿಸಿ ಟೀವಿಗೆ ಜೋಡಿಸಿದ. ಇನ್ನೊಂದು ವೈರನ್ನು ಗಂಗಾಬಾಯಿಯವರು ದೇವರನಾಮ ಕೇಳುವ ಟೇಪ್ ರೆಕಾರ್ಡರಿಗೆ ಜೋಡಿಸಿ, ಆಟ ತುಂಬಿದ್ದ ಒಂದು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. 'ಕಿರ್‌ರ್‌ರ್... ಪೀಂ... ಕಿಟಿಕಿಟಿ ಕಿರ್‌ರ್‌!' ಇಡೀ ಓಣಿ ಕಿವಿ ಮುಚ್ಚಿಕೊಳ್ಳುವಂಥ ಚೀರಾಟ.

"ಅಯ್ಯ, ನನ್ನ ಹಾಡಿನ ಪೆಟ್ಟಿಗ್ಯಾಗ ಬೆಕ್ಕು ಹೊಕ್ಕದೇನೋ!"

ಬೆಕ್ಕು ಸಾಕಷ್ಟು ಹೊತ್ತು ಚೀರಿ ಸುಮ್ಮನಾದ ಮೇಲೆ ಟೀವಿಯ ಮೇಲೆ ಒಂದು ಬಂಗಲೆಯ ಚಿತ್ರ, ಕೆಳಗೆ ಇಂಗ್ಲಿಷ್ ಸಾಲುಗಳು ಮೂಡಿದವು. ಶ್ರೀಪಾದ ವಿವರಿಸಿದ. ಗುಡ್ಡದ ಮೇಲೊಂದು ಬಂಗಲೆ. ಅದರ ಒಡತಿ ಒಬ್ಬ ಅಜ್ಜಿ. ಅವಳ ಮುತ್ತಿನ ಹಾರ ಕಾಣೆಯಾಗಿದೆ. ಮನೆಯಲ್ಲಿರುವವರು ಅಡುಗೆಯವಳು, ತೋಟದ ಮಾಲಿ, ಒಬ್ಬ ಡಾಕ್ಟರ್, ಕಾಲೇಜು ಓದುತ್ತಿರುವ ಮೊಮ್ಮಗಳು. ಆಡುವವನೇ ಪತ್ತೇದಾರ. ಏನು ಮಾಡಬೇಕೋ ಅದನ್ನು ಅಕ್ಷರದ ಗುಂಡಿ ಒತ್ತಿ ಬರೆದರೆ, ಮುಂದೇನಾಯಿತೆಂದು ಟೀವಿ ಹೇಳುತ್ತದೆ.

"ಆದ್ರ ಭಾವಾ, ಇದಕ್ಕ ಒಂದ ಮುಕ್ತಾಯ ಅಲ್ಲ. ನೀವು ಹೆಂಗ ಆಡ್ತೀರಿ ಹಂಗ ಕಥಿ ಮುಗೀತದ. ಬ್ಯಾರೆ ಬ್ಯಾರೆ ಮುಕ್ತಾಯ ಅವ, ಖರೇ ಮುಕ್ತಾಯ ಒಂದs. ನಮ್ಮ ಆಫೀಸಿನ್ಯಾಗ ಇನ್ನೂ ಯಾರಿಗೂ ಅದು ಸಿಕ್ಕಿಲ್ಲ."

ವಕೀಲರು ಕರೀಕೋಟಿನ ಮೇಲೆ ಆಣೆಯಿಟ್ಟದ್ದು ಈ ಮಾತಿಗೇ! ದಿನಾ ಕಳ್ಳರನ್ನೂ ಸುಳ್ಳರನ್ನೂ ಅಡ್ಡಸವಾಲಿನಲ್ಲಿ ಹಿಂಡುವ ತಮಗೆ ಪುಣೆಯ ನಾಲ್ಕು ಹುಡುಗರಿಗೆ ಸಿಗದ ಕಳ್ಳ ಸಿಗುವುದಿಲ್ಲವೇ? ಅವರ ಹೆಸರಿನಲ್ಲೇ ವಾದವಿತ್ತು. ಮನೆಯಲ್ಲಿ ಅವರು ವಾದಿ, ಹೆಂಡತಿ ಪ್ರತಿವಾದಿ. ಒಂದೇ ಒಂದು ದಾವೆ ಮಾತ್ರ ಮದುವೆಯಾದಾಗಿನಿಂದ ತೀರ್ಮಾನವಾಗದೆ ಉಳಿದಿತ್ತು. ಅದು ಸುಮನ್‌ಳ ಲಾ ಓದು.

ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದ ಸುಮನ್‌ಗೆ ವಕೀಲಿ ಓದುವ ಆಸೆ. ಹುಬ್ಬಳ್ಳಿಯ ಕಾಲೇಜಿಗೆ ಅರ್ಜಿ ಹಾಕುವ ಕಾಲ ಬಂದಾಗಲೆಲ್ಲ ಅವಳು ಕೇಳುವಳು. ವಕೀಲರು ಪ್ರತಿ ಸಲವೂ ದನಿ ತಗ್ಗಿಸಿ, "ನನ್ನದೇನೂ ಅಡ್ಡಿ ಇಲ್ಲ. ಆದ್ರ ಅವ್ವ ಒಪ್ಪಬೇಕಲ್ಲ! ಮಡಿ, ಮಠ ಅಂತ ಇದ್ದ ಹಳೇ ಮನಷ್ಯಾಳು. ಈ ಮಾತು ಎತ್ತಿದ್ರ ಸಾಕು, ಊಟಾ ಬಿಡ್ತಾಳ," ಎನ್ನುವರು. ಅತ್ತೆ ಉಪವಾಸ ಬಿದ್ದಾರೆಂಬ ಭಯಕ್ಕೆ ಸುಮನ್ ಬಾಯಿ ಮುಚ್ಚಿಕೊಂಡಿರುವಳು. ಈ ವರ್ಷದ ಅರ್ಜಿಯ ಕಾಲವೂ ಮುಗಿಯುತ್ತ ಬಂದಿತ್ತು.

ಇರಲಿ. ಬೆಂಗಳೂರಿನಿಂದ ಬರುವಾಗ ಒಯ್ಯುತ್ತೇನೆಂದು ಹೇಳಿ, ಯಂತ್ರವನ್ನು ಇಲ್ಲಿಯೇ ಬಿಟ್ಟು ಶ್ರೀಪಾದ ಬಸ್ಸು ಹತ್ತಿಕೊಂಡು ಹೋದ. ವಕೀಲರು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿದರು. ಪಕ್ಕದಲ್ಲಿ ಕುರುಕಲು ಖಾರದ ತಟ್ಟೆ, ಚಹಾದ ಕಪ್ಪು. ಹಿಂದೆ ಹತ್ತಿಯ ಬತ್ತಿ ಹೊಸೆಯುತ್ತ ಗಂಗಾಬಾಯಿಯವರು. ಬಾಗಿಲಿಗೆ ಒರಗಿ ನಿಂತ ಸುಮನ್.

ವಕೀಲರು ಬೆರಳ ನೆಟಿಗೆ ಮುರಿದು ಮೊದಲ ವಾಕ್ಯವನ್ನು ಬರೆದರು. ತಾವು ಈ ಬಂಗಲೆಯ ಅಡುಗೆಯವಳನ್ನು ಸದರಿ ಹಾರದ ವಿಷಯವಾಗಿ ವಿಚಾರಣೆಗೆ ಒಳಪಡಿಸಲು ಅತ್ಯಂತ ವಿನಯಪೂರ್ವಕವಾಗಿ ಅನುಮತಿ ಕೋರುತ್ತಿರುವುದಾಗಿ ಇಂಗ್ಲಿಷಿನಲ್ಲಿ ನಿವೇದಿಸಿಕೊಂಡರು. ಟೀವಿ ಉತ್ತರಿಸಿತು: 'ಅರ್ಥವಾಗಲಿಲ್ಲ.'

ವಕೀಲರು ಹುಬ್ಬು ಗಂಟಿಕ್ಕಿದರು. ಅದೇ ಮಾತನ್ನು ಇನ್ನಷ್ಟು ವಿಸ್ತರಿಸಿ, ಒಂದೆರಡು ಲ್ಯಾಟಿನ್ ಶಬ್ದ ಸೇರಿಸಿ ಬರೆದರು. 'ಅರ್ಥವಾಗಲಿಲ್ಲ.'

"ಇಷ್ಟು ವರ್ಷದಾಗ ಒಬ್ಬ ಜಡ್ಜ್ ಸಾಹೇಬ್ರೂ ನನಗ ಹಿಂಗ ಅಂದಿಲ್ಲ!"

"ಅವರು ಸಂಭಾವಿತರು," ಎಂದಳು ಸುಮನ್. "ಎರಡs ಶಬ್ದದಾಗ ಬರೀಬೇಕಂತ ಶ್ರೀಪಾದ ಹೇಳಿಲ್ಲೇನು? ಅಡಗಿಯಾಕೀನ್ನ ಕೇಳು ಅಂತ ಬರೀರಿ, ಸಾಕು."

"ವಕೀಲಗ ಎರಡs ಶಬ್ದದಾಗ ಮಾತಾಡು ಅಂದ್ರ ಹೆಂಗ? ಹೊಟ್ಟಿ ಹೆಂಗ ತುಂಬಬೇಕು?"

ಆದರೂ ಬರೆದರು. ಬಂಗಲೆಯ ಅಡುಗೆಮನೆಯ ಬಾಗಿಲು ತೆರೆಯಿತು! ಅಡುಗೆಯವಳು ಬೆದರಿ ನಿಂತಿದ್ದಾಳೆ, ಅವಳ ಕೈಗೆ ಹಿಟ್ಟು ಹತ್ತಿದೆ ಎಂದು ಟೀವಿ ಹೇಳಿತು. ವಕೀಲರು ತೊಡೆ ತಟ್ಟಿಕೊಂಡರು.

"ಹಿಟ್ಟು! ನೋಡಿದ್ರೇನು? ಕೈಗೆ ಹಿಟ್ಟು ಹತ್ತಿದ್ದು ಏನು ತೋರಸ್ತದ?"

"ಚಪಾತಿ ಮಾಡಿದ್ದು ತೋರಸ್ತದ," ಎಂದರು ಗಂಗಾಬಾಯಿಯವರು.

"ಹಿಟ್ಟಿನ ಡಬ್ಬ್ಯಾಗ ಹಾರಾ ಮುಚ್ಚಿಟ್ಟಿದ್ದು ತೋರಸ್ತದ, ಅವ್ವಾ! ಸಾಕ್ಷಿ ಹುಡುಕಲಿಕ್ಕೆ ಕಣ್ಣು ಬೇಕು!" ಎಂದು ವಕೀಲರು ಅಡುಗೆಯವಳ ಮೇಲೆ ಆರೋಪ ಹೊರಿಸುವ ಗುಂಡಿಗಳನ್ನು ಒತ್ತಿಯೇಬಿಟ್ಟರು. ಟೀವಿ ಸ್ವಲ್ಪ ಯೋಚಿಸಿತು. ಪೊಲೀಸರು ಬಂದು ಅಡುಗೆಯವಳನ್ನು ಕರೆದೊಯ್ದರು. ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟಿತ್ತು. ಬಂಗಲೆಯವರೆಲ್ಲ ಹಸಿದು ಮಲಗಿದರು. ಹಾರ ಸಿಗಲಿಲ್ಲ. 'ಇದು ಒಂದು ಮುಕ್ತಾಯ. ಮತ್ತೆ ಆಡುವಿರಾ?'

ಚಹಾ ಆರಿ ಕೆನೆಗಟ್ಟಿತ್ತು. ಸುಮನ್ ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಕರೀಕೋಟನ್ನು ತಂದು, ಅದರ ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. "ಛಲೋ ಅರಿವಿ ಅದ. ಬೋಗಾಣಿ ಇಳಸಲಿಕ್ಕೆ ಕೈ ಸುಡೂದಿಲ್ಲ."

"ಇದು ಬರೇ ಪ್ರಾಥಮಿಕ ವಿಚಾರಣೆ!" ಎಂದು ವಕೀಲರು ಕೋಟನ್ನು ಕಸಿದುಕೊಂಡರು. ಗಂಗಾಬಾಯಿಯವರಿಗೆ ಮಾತ್ರ ಅಂದು ಊಟ ಸೇರಿದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. "ಪಾಪ, ಮಾಡಿ ಹಾಕೂ ಕೈಗೆ ಬೇಡಿ ಹಾಕಿಸಿದ್ಯಲ್ಲೋ ವಾದಿ!" ಎಂದು ತಟ್ಟೆಯ ಮುಂದೆ ಕೂತಾಗಲೂ ಅಂದರು, ಕೈ ತೊಳೆಯುವಾಗಲೂ ಅಂದರು.

ಮರುದಿನ ಮಧ್ಯಾಹ್ನ ವಕೀಲರ ಅನುಮಾನ ತೋಟದ ಮಾಲಿಯ ಮೇಲೆ ತಿರುಗಿತು. ಸುಮನ್ ಅತ್ತೆಯೊಡನೆ ಹಿತ್ತಲಲ್ಲಿ ಸಂಡಿಗೆ ಇಡುತ್ತಿದ್ದಳು. ಪಡಸಾಲೆಯಲ್ಲಿ ವಕೀಲರೊಬ್ಬರೇ. ಒಬ್ಬರೇ ಇದ್ದಾಗಲೂ ಅವರು ಮನಸ್ಸಿನಲ್ಲಿ ಯೋಚಿಸುವವರಲ್ಲ. ಕೋರ್ಟಿನ ಕಟ್ಟಕಡೆಯ ಬೆಂಚಿಗೂ ಕೇಳುವ ದನಿಯಲ್ಲಿ ಯೋಚಿಸುವವರು. ಬೀದಿಗಿದ್ದ ಕಿಟಕಿ ತೆರೆದಿತ್ತು. ಕಿಟಕಿಯ ಕೆಳಗೆ ಕಟ್ಟೆ. ಕಟ್ಟೆಯ ಮೇಲೆ ಹಜರತಅಲಿ ಬಂದು ಕೂತಿದ್ದ!

ಈ ಹಜರತಅಲಿಗೆ ಊರ ಹೊರಗೆ ವೀಳ್ಯದೆಲೆ ಬಳ್ಳಿಯ ತೋಟ. ಪಕ್ಕದ ತೋಟದವನೊಡನೆ ನೀರಿಗಾಗಿ ವ್ಯಾಜ್ಯ. ರಜೆ ಮುಗಿದ ಕೂಡಲೇ ವಿಚಾರಣೆಗೆ ಬರಲಿದ್ದ ಆ ವ್ಯಾಜ್ಯವೇ ಸದ್ಯ ವಕೀಲರ ಕೈಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮೊಕದ್ದಮೆ. ಬರುವಾಗಲೆಲ್ಲ ಗಂಗಾಬಾಯಿಯವರ ಪೂಜೆಗೆಂದು ಒಂದು ಪೆಂಡಿ ಎಳೆಯ ಎಲೆ ತರುವ ಮನುಷ್ಯ. ಒಳಗೆ ವಕೀಲರು ಯಾರೊಡನೆಯೋ ಮಾತಾಡುತ್ತಿದ್ದಾರೆ, ಮುಗಿಯಲಿ ಎಂದು ಮರ್ಯಾದೆಯಿಂದ ಕಾಯುತ್ತ ಕೂತಿದ್ದ. ಆಗ ಕಿಟಕಿಯೊಳಗಿನಿಂದ ಬಂತು ಸಿಡಿಲು:

"ತೋಟದಾಂವನs ಕಳ್ಳ! ಇಷ್ಟು ದಿವಸ ಅವನ್ನ ನಂಬಿ ನಾ ಮೂರ್ಖ ಆದೆ! ಮಾರಿ ನೋಡಿದ್ರ ದೇವರಂಥಾ ಮನಷ್ಯಾ, ಒಳಗ ನೋಡಿದ್ರ ಇಂಥಾ ಕೆಲಸ! ಅವನ ತೋಟಾ ಪೂರಾ ಅಗಸ್ತೇನಿ! ಬಳ್ಳಿ ಬಳ್ಳಿ ಬುಡಾ ಅಗಸ್ತೇನಿ! ಹೂತಿಟ್ಟದ್ದು ಹೊರಗ ಬರಲಿ, ಆಮ್ಯಾಲೆ ಜೇಲಿಗೆ ಹಾಕಸೂತನಕ ನಾ ಬಿಡೂದಿಲ್ಲ!"

ಟೀವಿಯೊಳಗೆ ತೋಟವನ್ನು ಅಗೆದದ್ದಾಯಿತು. ಗಿಡಗಳೆಲ್ಲ ಒಣಗಿದವು. ಹಾರ ಸಿಗಲಿಲ್ಲ. 'ಇದು ಒಂದು ಮುಕ್ತಾಯ.' ವಕೀಲರು ತಲೆ ಕೆರೆದುಕೊಳ್ಳುತ್ತಿದ್ದಾಗ ಎದುರುಮನೆಯ ಯಂಕವ್ವ ಬಾಗಿಲಲ್ಲಿ ಇಣುಕಿದಳು.

"ಹಜರತಅಲಿ ಸಾಯಬ್ರು ಬಂದಿದ್ರಲ್ರೀ. ನೀವು ಬೈಯಾಕತ್ತಿದ್ದು ಕೇಳಿ ಮಾರಿ ಸಣ್ಣ ಮಾಡ್ಕೊಂಡು ಎದ್ದು ಹ್ವಾದ್ರು. ತಂದಿದ್ದ ಎಲಿ ಪೆಂಡೀನೂ ತಿರುಗಿ ಒಯ್ದ್ರು."

ಹಿತ್ತಲಿನಿಂದ ಬಂದ ಸುಮನ್ ಕೈಯಲ್ಲಿ ಸಂಡಿಗೆ ಹಿಟ್ಟು ಹಿಡಿದೇ ನಿಂತುಬಿಟ್ಟಳು. "ಎಲಿ ಪೆಂಡಿ ತಿರುಗಿ ಒಯ್ದಾರಂದ್ರ ಸಿಟ್ಟು ಭಾರೀನ ಅದ. ಈಗಿಂದೀಗ ಹೋಗಿ ತಿಳಿಸಿ ಹೇಳ್ರಿ."

"ನಾಳೆ ಹೇಳಿದ್ರಾತು. ಹಳೇ ಪಕ್ಷಕಾರ, ತಿಳ್ಕೋತಾನ," ಎಂದರು ವಕೀಲರು. ತಿಳಿದುಕೊಳ್ಳುವ ಕೆಲಸವನ್ನು ಅಷ್ಟರಲ್ಲಿ ಊರೇ ಕೈಗೆತ್ತಿಕೊಂಡಿತ್ತು!

ಮರುದಿನ ಬೆಳಿಗ್ಗೆ ಖಾರದ ಅಂಗಡಿಗೆ ಹೋದರೆ, ಅಂಗಡಿಯ ಶಂಕ್ರಪ್ಪ ಪುಡಿಕೆ ಕಟ್ಟುತ್ತ ದನಿ ತಗ್ಗಿಸಿದ. "ವಕೀಲ್ರ, ಹಜರತಅಲಿ ತ್ವಾಟದಾಗ ಏನೋ ಹೂತಿಟ್ಟಾನಂತ? ನವಾಬರ ಕಾಲದ್ದು ಅಂತಾರ್ರೀ ಮಂದಿ. ಹೊನ್ನಿನ ಕೊಪ್ಪರಿಗಿ ಅಂತ. ಖರೇನ್ರೀ?"

ವಕೀಲರ ಕೈಯಲ್ಲಿದ್ದ ಪುಡಿಕೆ ಜಾರಿತು. ಸೈಕಲ್ ಹತ್ತಿ ತೋಟದ ಹಾದಿ ಹಿಡಿದರು. ಬೇಲಿಯ ಹತ್ತಿರ ಗುದ್ದಲಿ ಹಿಡಿದ ಇಬ್ಬರು ಪುಣ್ಯಾತ್ಮರು ಇವರನ್ನು ಕಂಡದ್ದೇ, ಗುದ್ದಲಿಯನ್ನು ಬೆನ್ನ ಹಿಂದೆ ಅಡಗಿಸಿ ಆಕಾಶ ನೋಡುತ್ತ ಸರಿದುಹೋದರು. ಒಳಗೆ ಮೊದಲ ಸಾಲಿನ ಬುಡ ಅಗೆದುಹಾಕಿದ್ದರು. ಎರಡು ಎಳೆಯ ಬಳ್ಳಿ ನೆಲಕ್ಕೆ ಬಿದ್ದಿದ್ದವು. ಅವನ್ನು ಎತ್ತಿ ಕಟ್ಟುತ್ತಿದ್ದ ಹಜರತಅಲಿ ತಿರುಗಿ ನೋಡಲಿಲ್ಲ. ಅವನ ಹೆಂಡತಿ ಚಾಂದಬಿ ನೋಡಿದಳು. ಆ ನೋಟಕ್ಕೆ ವಕೀಲರ ಸೈಕಲ್ ತಾನಾಗಿಯೇ ನಿಂತಿತು.

ಬಿದ್ದ ಬಳ್ಳಿಯನ್ನು ಕಂಡು ವಾದಿರಾಜರ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. 

"ನನ್ನ ತ್ವಾಟದಾಗ ಏನೈತ್ರೀ ವಕೀಲ್‌ಸಾಬ?" ಎಂದ ಹಜರತಅಲಿ, ಕೆಲಸ ಬಿಡದೆಯೇ. "ಎಲಿ ಐತಿ. ಬಳ್ಳಿ ಐತಿ. ನೀರಿನ ಜಗಳಾ ಐತಿ. ಆ ಜಗಳಾ ನಿಮ್ಮ ಕೈಯಾಗ ಕೊಟ್ಟೇನಿ. ನೀವs ನನ್ನ ಕಳ್ಳ ಅಂದ್ರ ನಾ ಯಾರ ಕಡೆ ಹೋಗ್ಲಿ? ಪ್ರಾಣೇಶ ವಕೀಲ್ರು ಬಾ ಅಂದಾರ."

ಪ್ರಾಣೇಶ ವಕೀಲರು! ಇಡೀ ಸವಣೂರಿನಲ್ಲಿ ಈ ಒಂದು ಹೆಸರು ಕೇಳಿದರೆ ವಾದಿರಾಜರಿಗೆ ಪಿತ್ತ ಕೆರಳುತ್ತಿತ್ತು.

"ನಿಮಗಲ್ಲಪಾ ನಾ ಅಂದದ್ದು! ಟೀವಿಯೊಳಗಿನ ಮಾಲಿಗೆ!"

"ಟೀವಿಯೊಳಗಿನ ಬಳ್ಳಿ ಬುಡಾ ಅಗಸ್ತೀರೇನು?"

"ಹೌದು! ಅಂದ್ರ... ಅಲ್ಲಿ ಒಂದು ಬಂಗಲೆ ಅದ, ಅಜ್ಜಿ ಹಾರ ಕಳದದ, ಅದಕ್ಕ ಬ್ಯಾರೆ ಬ್ಯಾರೆ ಮುಕ್ತಾಯ..." ಹೇಳುತ್ತ ಹೋದಂತೆ ತಮ್ಮ ಮಾತು ತಮಗೇ ಹುಚ್ಚನ ಹಲಬಿನಂತೆ ಕೇಳಿಸತೊಡಗಿತು. ಚಾಂದಬಿ ಸೊಂಟಕ್ಕೆ ಸೆರಗು ಬಿಗಿದಳು.

"ಮಾತ್ ಬ್ಯಾಡ. ಟೀವಿ ಎಲ್ಲಿ ಐತಿ ತೋರಸ್ರಿ. ನೋಡೇ ಬಿಡೂಣು."

ಹೀಗೆ ಆ ಸಂಜೆ ವಕೀಲರ ಪಡಸಾಲೆ ನ್ಯಾಯಾಲಯವಾಯಿತು. ಹಜರತಅಲಿ, ಚಾಂದಬಿ ಜಮಖಾನೆಯ ಮೇಲೆ. ಗಂಗಾಬಾಯಿಯವರು ತಮ್ಮ ಬತ್ತಿಯೊಡನೆ. ಸುಮನ್ ಎಲ್ಲರಿಗೂ ಚಹಾ ಕೊಟ್ಟಳು. ಟೇಪ್ ರೆಕಾರ್ಡರ್ ಚೀರತೊಡಗಿದಾಗ ಚಾಂದಬಿ ಎದ್ದು ಬಾಗಿಲ ಕಡೆ ನಡೆದಿದ್ದಳು. ಗಂಗಾಬಾಯಿಯವರೇ ಕೈಹಿಡಿದು ಕೂರಿಸಿ, "ಅದು ಹಂಗs ಒದರ್ತದ, ಅಂಜಬ್ಯಾಡ," ಎಂದು ಹಳೆಯ ಅನುಭವಿಯಂತೆ ಸಮಾಧಾನ ಹೇಳಿದರು. ಚೀರಾಟ ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು! ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಚೀರಾಟ.

ಅಂತೂ ಬಂಗಲೆ ಮೂಡಿತು. ವಕೀಲರು ವಿಜಯದ ಬೆರಳಿನಿಂದ ಒಂದು ಸಾಲನ್ನು ತೋರಿಸಿದರು. "ನೋಡ್ರಿ! ಇಲ್ಲಿದ್ದಾನ ನೋಡ್ರಿ ಮಾಲಿ!"

ಹಜರತಅಲಿ ಆ ಇಂಗ್ಲಿಷ್ ಸಾಲನ್ನು ಬಹಳ ಹೊತ್ತು ದಿಟ್ಟಿಸಿದ. "ಇದು ನನ್ನ ಹೆಸರಲ್ಲಂತ ನನಗ ಹೆಂಗ ತಿಳೀಬೇಕ್ರೀ?"

ವಕೀಲರ ವಿಜಯದ ಬೆರಳು ಮೆಲ್ಲಗೆ ಕೆಳಗಿಳಿಯಿತು.

"ವೈನೀ, ನೀವು ಓದಿ ಹೇಳ್ರಿ," ಎಂದ ಹಜರತಅಲಿ ಸುಮನ್‌ಳ ಕಡೆ ತಿರುಗಿ. "ನಿಮ್ಮ ಮ್ಯಾಲೆ ನಂಬಿಕಿ ಐತಿ."

ಸುಮನ್ ಟೀವಿಯ ಪಕ್ಕಕ್ಕೆ ಬಂದು ಕೂತಳು. ಮಾಲಿ ಇಂಗ್ಲೆಂಡಿನವನು, ಗುಲಾಬಿ ಬೆಳೆಸುತ್ತಾನೆ, ಎಲೆಬಳ್ಳಿಯನ್ನು ಕಂಡೇ ಇಲ್ಲ ಎಂದು ಸಾವಕಾಶವಾಗಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದಳು. ಹಜರತಅಲಿಯ ಹುಬ್ಬಿನ ಗಂಟು ಸಡಿಲವಾಯಿತು. ಗಂಟು ಪೂರ್ತಿ ಬಿಚ್ಚಲಿ ಎಂದು ವಕೀಲರು ಸಭೆಯ ಎದುರಿಗೇ ಮಾಲಿಯನ್ನು ನಿರ್ದೋಷಿ ಎಂದು ಸಾರಿದರು. ಚಾಂದಬಿ ತಲೆಯಾಡಿಸಿ ಖಾರದ ತಟ್ಟೆಗೆ ಕೈಹಾಕಿದಳು. ವ್ಯಾಜ್ಯ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಈಗ ಜಮಖಾನೆಯಿಂದ ಏಳುವವರು ಯಾರು?

"ಹಂಗಾರ ಹಾರಾ ತಗೊಂಡವ್ರು ಯಾರ್ರೀ?" ಎಂದ ಹಜರತಅಲಿ, ಕಾಲು ಮಡಚಿ ಸರಿಯಾಗಿ ಕೂರುತ್ತ.

ವಕೀಲರಿಗೆ ಹುರುಪು ಬಂತು. ಡಾಕ್ಟರನನ್ನು ಹಿಡಿಸಿದರು. ಡಾಕ್ಟರ್ ಜೈಲಿಗೆ ಹೋದ, ಬಂಗಲೆಯವರೆಲ್ಲ ಜ್ವರದಲ್ಲಿ ಮಲಗಿದರು, ಹಾರ ಸಿಗಲಿಲ್ಲ. ಉಳಿದವಳು ಒಬ್ಬಳೇ.

"ಮೊಮ್ಮಗಳು!" ಎಂದು ವಕೀಲರು ಎದ್ದು ನಿಂತೇಬಿಟ್ಟರು. "ಮೊದಲs ತಿಳೀಬೇಕಾಗಿತ್ತು! ಬಗಲಾಗ ಪುಸ್ತಕ ಇಟ್ಕೊಂಡು ಒಬ್ಬಾಕೀನ ಊರೂರು ತಿರಗತಾಳ. ಹೆಣ್ಣಮಕ್ಕಳು ಹೆಚ್ಚು ಓದಲಿಕ್ಕೆ ಹ್ವಾದ್ರ ತಲಿ ಹಿಂಗs ಓಡ್ತದ! ಅಕೀನs ಕಳ್ಳಿ!"

ಒತ್ತಿದರು ಗುಂಡಿ. ಟೀವಿಯ ಮೇಲೆ ಮೂಡಿದ್ದನ್ನು ಸುಮನ್ ಓದಿ ಹೇಳಬೇಕಿತ್ತು. ಅವಳು ಓದಿದಳು.

"ಮೊಮ್ಮಗಳು ಏನೂ ಮಾತಾಡಲಿಲ್ಲ. ತನ್ನ ಟ್ರಂಕು ತುಂಬಿಕೊಂಡ್ಳು. ತಿರುಗಿ ನೋಡದs ಮೆಟ್ಟಿಲು ಇಳದು ಹೋದ್ಳು. ಆ ಮನ್ಯಾಗ ಮತ್ತ ಯಾರೂ..."

ಸುಮನ್ ಮುಂದಿನ ಶಬ್ದ ಓದದೆ ಎದ್ದು ಅಡುಗೆಮನೆಗೆ ಹೋದಳು.

"ಮತ್ತ ಯಾರೂ ಏನ್ರೀ?" ಎಂದಳು ಚಾಂದಬಿ.

"ಮತ್ತ ಯಾರೂ ನಗಲಿಲ್ಲ, ಅಂತದ," ಎಂದು ವಕೀಲರೇ ಓದಿದರು. ತಾವು ಆಡಿದ ಮಾತು ಆಗ ಅವರ ಕಿವಿಗೆ ಮರಳಿ ಬಿತ್ತು. ಕೋರ್ಟಿನಲ್ಲಾಗಿದ್ದರೆ ದಾಖಲೆಯಿಂದ ತೆಗೆದುಹಾಕಿಸಬಹುದಿತ್ತು. ಇಲ್ಲಿ ಅಂಥ ಸೌಕರ್ಯವಿರಲಿಲ್ಲ!

ಅಡುಗೆಮನೆಯಲ್ಲಿ ಸುಮನ್ ಆಗಲೇ ತೊಳೆದಿದ್ದ ಕಪ್ಪನ್ನು ಮತ್ತೆ ತೊಳೆಯುತ್ತಿದ್ದಳು.

"ನಾ ಆ ಮೊಮ್ಮಗಳಿಗೆ ಅಂದದ್ದು," ಎಂದರು ವಕೀಲರು.

"ಹಜರತಅಲಿ ಅವರಿಗೂ ಹಿಂಗs ಹೇಳಿದ್ರಿ, ಮಾಲಿಗೆ ಅಂದದ್ದು ಅಂತ."

ವಕೀಲರು ತೊಳೆದ ಕಪ್ಪೊಂದನ್ನು ಎತ್ತಿ ಒರೆಸತೊಡಗಿದರು.

"ಆಕೀ ಮ್ಯಾಲೆ ನಿಮ್ಮ ಹತ್ರ ಏನು ಸಾಕ್ಷಿ ಇತ್ರೀ? ಹಾರದ ಸುದ್ದಿ ಆಕೀಗೆ ಒಂದು ಮಾತು ಕೇಳಿದ್ರೇನು? ಓದತಾಳ, ಇಷ್ಟs ಆಕೀ ತಪ್ಪು. ನಾ ವಕೀಲಿ ಓದಿಲ್ಲ. ಆದ್ರ ಇದು ವಕೀಲಿ ಅಲ್ಲ ಅನ್ನೂದು ನನಗೂ ತಿಳೀತದ."

ಅಡ್ಡಸವಾಲಿನ ಹುಲಿ ವಾದಿರಾಜರು ನೆಲ ನೋಡಿದರು. ಇಷ್ಟು ಚೊಕ್ಕದಾದ ವಾದವನ್ನು ಅವರು ಕೋರ್ಟಿನಲ್ಲೂ ಬಹಳ ದಿನದಿಂದ ಕೇಳಿರಲಿಲ್ಲ. ತಾವೂ ಮಂಡಿಸಿರಲಿಲ್ಲ.

"ತಪ್ಪಾತು," ಎಂದರು. ಎರಡೂ ಶಬ್ದ ಬೇಕಾಗಲಿಲ್ಲ, ಒಂದರಲ್ಲೇ ಮುಗಿಯಿತು. ಆಮೇಲೆ, "ನೀ ಬಾ. ಈ ಸಲ ನೀನs ಆಡು. ನಾ ಬಾಯಿ ಮುಚ್ಚಿಕೊಂಡು ಕುಂದರತೇನಿ."

"ನೀವು?"

"ಪ್ರಯತ್ನಾ ಮಾಡ್ತೇನಿ."

ಸುಮನ್ ಕೈ ಒರೆಸಿಕೊಂಡು ಬಂದು ಹಲಗೆಯ ಮುಂದೆ ಕೂತಳು. ಯಾರ ಮೇಲೂ ಆರೋಪ ಹೊರಿಸಲಿಲ್ಲ. ಬಂಗಲೆಯ ಕೋಣೆಗಳನ್ನೆಲ್ಲ ದಾಟಿ, ಮೇಲಿನ ಮಹಡಿಯ ಕೊನೆಯ ಕೋಣೆಗೆ ಹೋದಳು. ಅಲ್ಲಿ ಕಿಟಕಿಯ ಬಳಿ ಅಜ್ಜಿ ಒಬ್ಬಳೇ ಕೂತಿದ್ದಾಳೆ ಎಂದಿತು ಟೀವಿ. ಸುಮನ್ ಎರಡು ಶಬ್ದ ಒತ್ತಿದಳು: ಅಜ್ಜಿಯನ್ನು ಕೇಳು.

"ಏ, ಆಕಿ ಫಿರ್ಯಾದಿ! ಕಳಕೊಂಡಾಕಿ!" ವಕೀಲರ ಬಾಯಿ ತೆರೆದೇಬಿಟ್ಟಿತು. "ಆಕೀಗೇನು ಗೊತ್ತಿರತದ?"

ಗಂಗಾಬಾಯಿಯವರು ಕಣ್ಣು ಬಿಟ್ಟರು. ಮಗ ಬಾಯಿ ಮುಚ್ಚಿದ.

ಟೀವಿ ಯಾವತ್ತಿಗಿಂತ ಹೆಚ್ಚು ಹೊತ್ತು ಯೋಚಿಸಿತು. ಆಮೇಲೆ ಸಾಲುಗಳು ಒಂದರ ಕೆಳಗೊಂದು ಇಳಿದವು. ಸುಮನ್ ಓದುತ್ತ ಓದುತ್ತ ನಗತೊಡಗಿದಳು.

"ಅಜ್ಜಿ ಅಂತಾಳ: ಹಾರಾ ಏನು? ಅದರ ದಾರ ಹರದಿತ್ತು. ಪೋಣಿಸಲಿಕ್ಕೆ ಅಕ್ಕಸಾಲಿಗರಿಗೆ ಕೊಟ್ಟೇನಿ. ನೀವೆಲ್ಲಾ ಯಾಕ ಇಷ್ಟು ಗದ್ದಲಾ ಹಾಕ್ಲಿಕ್ಕತ್ತೀರಿ? ನನ್ನ ಯಾರರ ಒಂದು ಮಾತು ಕೇಳಿದ್ರ ಹೇಳ್ತಿದ್ದೆ!"

ಕಳ್ಳನೇ ಇರಲಿಲ್ಲ! ಟೀವಿಯ ಮೇಲೆ ಬಂಗಲೆಯ ಕಿಟಕಿಗಳಲ್ಲೆಲ್ಲ ದೀಪ ಹೊತ್ತಿಕೊಂಡವು. 'ಇದೇ ನಿಜವಾದ ಮುಕ್ತಾಯ.' ಪುಣೆಯ ಇಡೀ ಆಫೀಸಿಗೆ ಸಿಗದದ್ದು ಸವಣೂರಿನ ಪಡಸಾಲೆಯಲ್ಲಿ ಸಿಕ್ಕಿತ್ತು. ಚಾಂದಬಿ ಚಪ್ಪಾಳೆ ತಟ್ಟಿದಳು. ಹಜರತಅಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಗಾಬಾಯಿಯವರು ಮಾತ್ರ ನಗಲಿಲ್ಲ. ಬತ್ತಿಯನ್ನು ತೊಡೆಯ ಮೇಲೆ ಹೊಸೆಯುತ್ತ ತಮ್ಮಷ್ಟಕ್ಕೆ ಅಂದರು:

"ಮುದುಕ್ಯಾರನ್ನ ಯಾರು ಕೇಳ್ತಾರ? ಆಕಿ ಹಿಂಗ ಅಂದಾಳು, ಹಂಗ ಅಂದಾಳು ಅಂತ ತಾವs ಅಂದ್ಕೊಂಡು ಬಿಡ್ತಾರ."

ನಗುತ್ತಿದ್ದ ವಾದಿರಾಜರ ನಗು ಅರ್ಧಕ್ಕೆ ನಿಂತಿತು. ಮಾತು ನೇರ ಬಂದು ಎದೆಗೆ ತಾಗಿತ್ತು. ತಾಯಿಯ ಹೆಸರಿನಲ್ಲಿ ತಾವೇ ತೀರ್ಪು ಬರೆದು, ತಾವೇ ಸಹಿ ಹಾಕಿ, ಹೆಂಡತಿಯ ಕೈಗೆ ಕೊಡುತ್ತ ಬಂದಿದ್ದರಲ್ಲ! ಸುಮನ್ ಅವರನ್ನು ನೋಡುತ್ತಿರಲಿಲ್ಲ. ಅವಳು ವೈರು ಬಿಚ್ಚುತ್ತಿದ್ದಳು. ಅವಳು ನೋಡದೇ ಇದ್ದದ್ದಕ್ಕೇ ಅವರಿಗೆ ಧೈರ್ಯ ಬಂತೆಂದು ಕಾಣುತ್ತದೆ.

"ಅವ್ವಾ," ಎಂದರು. "ಸುಮನ್‌ಗ ಲಾ ಓದೂ ಆಸೆ ಅದ. ಹುಬ್ಬಳ್ಯಾಗ ಕಾಲೇಜದ. ನೀ ಏನಂತಿ?"

ವೈರು ಬಿಚ್ಚುತ್ತಿದ್ದ ಕೈ ನಿಂತಿತು. ಗಂಗಾಬಾಯಿಯವರ ಬತ್ತಿಯೂ ನಿಂತಿತು.

"ಯಾವಾಗಿಂದ ಆಸೆ?"

"ಮದುವಿ ಆದಾಗಿಂದ್ರೀ ಅತ್ತೀ," ಎಂದಳು ಸುಮನ್ ಮೆಲ್ಲಗೆ.

"ಮತ್ತ ಇಷ್ಟು ದಿವಸ ನನ್ನ ಮುಂದ ಯಾಕ ಹೇಳಲಿಲ್ಲವಾ?"

"ಹೇಳಿದ್ರ ನೀವು ಊಟಾ ಬಿಡ್ತೀರಿ ಅಂತ... ಇವರು ಅಂದ್ರು."

"ನಾನು?" ಗಂಗಾಬಾಯಿಯವರು ಮಗನ ಕಡೆ ತಿರುಗಿದರು. "ಏಕಾದಶಿ ಬಿಟ್ಟು ನಾ ಎಂದರ ಊಟಾ ಬಿಟ್ಟದ್ದು ನೋಡೀ ಏನೋ ವಾದಿ?"

ವಾದಿರಾಜರು ಖಾಲಿ ಕಪ್ಪನ್ನೆತ್ತಿ ತುಟಿಗೆ ಹಿಡಿದರು.

"ಹುಬ್ಬಳ್ಯಾಗ ನನ್ನ ತಂಗಿ ಇಂದಿರಾಬಾಯಿ ಒಬ್ಬಾಕೀನ ಬ್ಯಾಸರಕಿ ಅಂತ ಬಡಕೋತಾಳ. ಅಕೀ ಮನ್ಯಾಗ ಇರು. ಶನಿವಾರಕ್ಕೊಮ್ಮೆ ಬಾ. ಮನೀ ಕೆಲಸಾ ನಾ ಮಾಡ್ತೇನಿ, ಕೈಲೆ ಆಗದಿದ್ರ ಇವನ ಕಡಿಂದ ಮಾಡಸ್ತೇನಿ. ರಜಾ ಅದ, ಈಗಿಂದs ಕಲೀಲಿ." ಗಂಗಾಬಾಯಿಯವರು ಮತ್ತೆ ಬತ್ತಿ ಹೊಸೆಯತೊಡಗಿದರು. "ನಾಳೆ ಹೋಗಿ ಅರ್ಜಿ ಕೊಟ್ಟು ಬರ್ರಿ, ಇಬ್ಬರೂ."

ಸುಮನ್ ಎದ್ದು ಬಂದು ಅತ್ತೆಯ ಕಾಲು ಮುಟ್ಟಿದಳು. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ವಾದಿರಾಜರು ಟೇಪ್ ರೆಕಾರ್ಡರಿನ ಧೂಳು ಒರೆಸಿದರು. ಮನಸ್ಸು ಮಾತ್ರ ಹೇಗೋ ಹಗುರವಾಗಿತ್ತು.

ಹಜರತಅಲಿ ಎದ್ದು ಟೊಪ್ಪಿಗೆ ಸರಿಮಾಡಿಕೊಂಡ. "ನಾಳೆ ಎಲಿ ಪೆಂಡಿ ಕಳಸ್ತೇನ್ರೀ ಅವ್ವಾರ," ಎಂದು ಗಂಗಾಬಾಯಿಯವರಿಗೆ ಹೇಳಿ, ಸುಮನ್‌ಳ ಕಡೆ ತಿರುಗಿದ. "ವೈನೀ, ನೀವು ಲಗೂನ ಓದಿ ಬರ್ರಿ. ನನ್ನ ನೀರಿನ ಕೇಸು ನಿಮಗೇನ."

ವಾದಿರಾಜರು ಹೌಹಾರಿದರು. "ಏ ಹಜರತಅಲಿ! ಅಕೀ ಓದಿ ಮುಗಸ್ಲಿಕ್ಕೆ ವರ್ಷಗಟ್ಟಲೆ ಆಗ್ತದಪಾ! ಅಲ್ಲೀತನಕ ನಾ ಏನು ಮಾಡ್ಲಿ?"

ಹಜರತಅಲಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಬಹಳ ಪ್ರೀತಿಯಿಂದಲೇ ಅಂದ:

"ಅಲ್ಲೀತನಕ ಕೋರ್ಟಿನ್ಯಾಗ ತಾರೀಖಿನ ಮ್ಯಾಲೆ ತಾರೀಖು ತಗೋತ ಇರ್ರಿ ವಕೀಲ್‌ಸಾಬ. ಆ ಕೆಲಸಾ ನಿಮ್ಮಷ್ಟು ಚಲೋ ಯಾರೂ ಮಾಡೂದಿಲ್ಲ!"